ನಿಮ್ಮ ಮೇಜಿಗೆ ನಿಮ್ಮದೇ ಅಳತೆಯ ಡೆಸ್ಕ್ ಆರ್ಗನೈಸರ್: ಗರಗಸ ಹಿಡಿಯುವ ಮೊದಲು ಮಾಡಬೇಕಾದ ಲೆಕ್ಕ

"ಅಳತೆ ಸರಿಯಾಗೇ ತೆಗೆದಿದ್ದೆ. ಸರಿಯಾಗೇ ಕೊಯ್ದಿದ್ದೆ. ಆದರೂ ಕೊನೆಗೆ ನೋಟ್‌ಬುಕ್ ಒಳಗೆ ಹೋಗ್ತಿಲ್ಲ. ಯಾಕೆ?"

ಮರದ ಡೆಸ್ಕ್ ಆರ್ಗನೈಸರ್, ಅಂದರೆ ಮೇಜಿನ ಸಾಮಾನು ಜೋಡಿಸಿಡುವ ಖಾನೆಗಳ ಪೆಟ್ಟಿಗೆಯ ಬಗ್ಗೆ ಓದುಗರು ಕೇಳುವುದು ಹೆಚ್ಚುಕಮ್ಮಿ ಇದೊಂದೇ ಪ್ರಶ್ನೆ. ಒಬ್ಬರಿಗೆ ನೋಟ್‌ಬುಕ್ ಕೂರುವುದಿಲ್ಲ, ಇನ್ನೊಬ್ಬರಿಗೆ ಕೊನೆಯ ಖಾನೆ ಮಾತ್ರ ಯಾಕೋ ಸಣ್ಣದಾಗಿರುತ್ತದೆ, ಮತ್ತೊಬ್ಬರ ಪೆಟ್ಟಿಗೆ ಮೇಜಿನ ಮೂಲೆಯಿಂದ ಹೊರಗೆ ಇಣುಕುತ್ತದೆ. ಕಾರಣ ಬಹುತೇಕ ಒಂದೇ. ಹಲಗೆಯ ದಪ್ಪವನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಕಾಗದದ ಮೇಲೆ ಎಳೆದ ಗೆರೆಗೆ ದಪ್ಪ ಇಲ್ಲ, ಹಲಗೆಗೆ ಇದೆ ಅಲ್ವಾ? ನನ್ನ ಮೊದಲ ಪೆಟ್ಟಿಗೆಯಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ.

ಬೇಕಾಗುವ ಗಣಿತ ಶಾಲೆಯದ್ದೇ. ಕೂಡುವುದು, ಕಳೆಯುವುದು, ಸ್ವಲ್ಪ ಅನುಪಾತ, ಮೂರು ಸಲ ಪೈಥಾಗರಸ್. ಕೆಳಗೆ ಒಂದು ಪೆಟ್ಟಿಗೆಯನ್ನು ಶುರುವಿನಿಂದ ಕೊನೆಯವರೆಗೆ ಲೆಕ್ಕ ಹಾಕಿ ತೋರಿಸಿದ್ದೇನೆ. ಸಂಖ್ಯೆಗಳನ್ನು ನಕಲು ಮಾಡಬೇಡಿ, ದಾರಿಯನ್ನು ಮಾತ್ರ ನೋಡಿಕೊಳ್ಳಿ. ನಿಮ್ಮ ಸಾಮಾನು ಬೇರೆ, ನಿಮ್ಮ ಹಲಗೆ ಬೇರೆ.

ಏನೇನು ಬೇಕು

ಗೋಡೆಗಳಿಗೆ 9 ಮಿ.ಮೀ. ಪ್ಲೈವುಡ್, ತಳಕ್ಕೆ 6 ಮಿ.ಮೀ. ಪ್ಲೈವುಡ್. ಸಣ್ಣ ಹಲ್ಲಿನ ಗರಗಸ. ಮೂಲೆಮಟ್ಟ, ಅಂದರೆ ಬಡಗಿಗಳು 90 ಡಿಗ್ರಿ ನೋಡಲು ಬಳಸುವ ಎಲ್ ಆಕಾರದ ಪಟ್ಟಿ. ಸ್ಟೀಲ್ ಸ್ಕೇಲು, ಚೂಪಾದ ಪೆನ್ಸಿಲ್, ಮರಗೆಲಸದ ಬಿಳಿ ಅಂಟು, ಎರಡು ಅಥವಾ ನಾಲ್ಕು ಕ್ಲಾಂಪ್, ಅಂದರೆ ಅಂಟು ಒಣಗುವ ತನಕ ತುಂಡುಗಳನ್ನು ಬಿಗಿದು ಹಿಡಿಯುವ ಸಾಧನ. ಉಪ್ಪುಕಾಗದ, ಅಂದರೆ ಸ್ಯಾಂಡ್‌ಪೇಪರ್, 120, 180 ಮತ್ತು 220 ನಂಬರಿನದು. ನಂಬರು ಜಾಸ್ತಿ ಆದಷ್ಟೂ ಕಾಗದ ನುಣುಪು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಪ್ಲೈವುಡ್ ಧೂಳಿನಲ್ಲಿ ಮರದ ಜೊತೆ ಅಂಟೂ ಇರುತ್ತದೆ, ಉಸಿರಿಗೆ ಒಳ್ಳೆಯದಲ್ಲ.

ಒಂದು ಎಚ್ಚರಿಕೆ: ಕೆಲಸ ಮುಗಿಯುವ ತನಕ ಒಂದೇ ಸ್ಕೇಲು ಬಳಸಿ. ಅಳೆಯುವುದಕ್ಕೆ ಟೇಪು, ಗುರುತು ಹಾಕುವುದಕ್ಕೆ ಸ್ಕೇಲು ಅಂತ ಎರಡು ಇಟ್ಟುಕೊಂಡರೆ ಅವೆರಡರ ನಡುವಿನ ವ್ಯತ್ಯಾಸ ನಿಮ್ಮ ಪೆಟ್ಟಿಗೆಗೆ ಬಂದು ಸೇರುತ್ತದೆ. ಹಳೇ ಟೇಪಿನ ತುದಿಯ ಕೊಕ್ಕೆ ಸೊಟ್ಟಗಾಗಿದ್ದರಂತೂ ಮುಗಿಯಿತು.

ಹಂತ 1: ಪೆಟ್ಟಿಗೆ ಬಿಡಿ, ಸಾಮಾನು ಅಳೆಯಿರಿ

ಮೇಜಿನ ಮೇಲೆ ಒಂದು ವಾರ ಏನೇನು ಬಿದ್ದಿರುತ್ತದೆ ನೋಡಿ. ದಿನಾ ಕೈಗೆ ಬರುವುದು ಯಾವುದು, ಸುಮ್ನೆ ಜಾಗ ತಿನ್ನುವುದು ಯಾವುದು ಅಂತ ಗೊತ್ತಾಗುತ್ತದೆ. ಎರಡನೆಯದಕ್ಕೆ ಖಾನೆ ಮಾಡಬೇಡಿ.

ಉಳಿದದ್ದನ್ನು ಅಳೆದು ಬರೆದುಕೊಳ್ಳಿ. ನನ್ನ ಪಟ್ಟಿ ಇಷ್ಟು:

- ಎ5 ನೋಟ್‌ಬುಕ್ ಎರಡು: 210 × 148 ಮಿ.ಮೀ., ಒಂದೊಂದೂ 15 ಮಿ.ಮೀ. ದಪ್ಪ
- ಪೆನ್ನು, ಪೆನ್ಸಿಲ್ಲು: ಪೆನ್ನಿನ ಉದ್ದ 145, ದಪ್ಪ 11. ಹೊಸ ಪೆನ್ಸಿಲ್ಲಿನ ಉದ್ದ 175, ದಪ್ಪ 7
- ಅಂಟುಚೀಟಿ: 76 × 76, ಕಟ್ಟಿನ ಎತ್ತರ 10
- ಕತ್ತರಿ ಮತ್ತು ಅಂಟಿನ ಕಡ್ಡಿ

ಎ5 ಹಾಳೆಗೆ ಅಳೆಯುವ ಕಷ್ಟವೂ ಬೇಕಿಲ್ಲ, ಎಲ್ಲ ಕಡೆ ಒಂದೇ ಅಳತೆ. ಎ4 ಹಾಳೆಯ 297 × 210 ಅನ್ನು ಉದ್ದದಲ್ಲಿ ಅರ್ಧ ಮಡಿಸಿದರೆ 210 × 148 ಬರುತ್ತದೆ. ಉದ್ದವನ್ನು ಅಗಲದಿಂದ ಭಾಗಿಸಿದರೆ ಎರಡರಲ್ಲೂ ಸುಮಾರು 1.41, ಅಂದರೆ 2ರ ವರ್ಗಮೂಲ. ಅದಕ್ಕೇ ಅರ್ಧ ಮಡಿಸಿದರೂ ಆಕಾರ ಬದಲಾಗುವುದಿಲ್ಲ. ಆದರೆ ನೋಟ್‌ಬುಕ್ಕಿನ ರಟ್ಟು ಹಾಳೆಗಿಂತ ಸ್ವಲ್ಪ ಆಚೆ ಚಾಚಿರುತ್ತದೆ. ಅಳೆಯಬೇಕಾದದ್ದು ರಟ್ಟನ್ನು.

ಫೋನು ಇಡುವುದಿದ್ದರೆ ಕವರ್ ಸಮೇತ ಅಳೆಯಿರಿ.

ಹಂತ 2: ಸಡಿಲ ಸೇರಿಸಿ

76 ಮಿ.ಮೀ. ಚೀಟಿಗೆ 76 ಮಿ.ಮೀ. ಖಾನೆ ಮಾಡಿದರೆ ಚೀಟಿ ಒಳಗೆ ಹೋಗುವುದಿಲ್ಲ. ಹೋದರೂ ಹೊರಗೆ ಬರುವುದಿಲ್ಲ. ಸಾಮಾನಿನ ಸುತ್ತ ಬಿಡುವ ಜಾಗಕ್ಕೆ ಸಡಿಲ ಅಂತ ಹೇಳೋಣ. ಕಾಗದದ ಕಟ್ಟಿಗೆ ಒಟ್ಟು 4 ಮಿ.ಮೀ., ಜಾರಿಸಿ ಇಡುವ ವಸ್ತುವಿಗೆ ಒಟ್ಟು 3ರಿಂದ 5 ಮಿ.ಮೀ. ಸಾಕು. ಪಕ್ಕದಲ್ಲಿ ಬೆರಳು ಇಳಿಯಬೇಕಾದ ಕಡೆ 20ಕ್ಕೆ ಕಡಿಮೆ ಆಗಬಾರದು.

ಹೀಗೆ ನನ್ನ ಮುಂದಿನ ಸಾಲಿಗೆ ಎಡದಿಂದ ಬಲಕ್ಕೆ ಮೂರು ಖಾನೆ ಆದವು: ಪೆನ್ನಿಗೆ 65, ಚೀಟಿಗೆ 80, ಕತ್ತರಿಗೆ 65. ಒಟ್ಟು 210. ನೀವು ಎಡಗೈಯಲ್ಲಿ ಬರೆಯುವವರಾದರೆ, ಅಥವಾ ಪೆಟ್ಟಿಗೆ ಮೇಜಿನ ಇನ್ನೊಂದು ಬದಿಯಲ್ಲಿ ಕೂರುವುದಾದರೆ, ಈ ಸಾಲನ್ನು ಈಗಲೇ ತಿರುಗಿಸಿಕೊಳ್ಳಿ. ಅಂಟು ಒಣಗಿದ ಮೇಲೆ ಆಗುವುದಿಲ್ಲ.

ಹಂತ 3: ಹಲಗೆಯ ದಪ್ಪ, ಎಲ್ಲರೂ ಎಡವುವ ಜಾಗ

ಒಂದು ಕೈಯ ಬೆರಳು ಬಿಡಿಸಿ ನೋಡಿ. ಬೆರಳು ಐದು, ನಡುವಿನ ಸಂದು ನಾಲ್ಕು. ಪೆಟ್ಟಿಗೆಯೂ ಹಾಗೇ. ಖಾನೆ ಅಂದರೆ ಸಂದು, ಗೋಡೆ ಅಂದರೆ ಬೆರಳು. ಮೂರು ಖಾನೆಗೆ ನಾಲ್ಕು ಗೋಡೆ: ಆಚೆ ಈಚೆ ಎರಡು, ನಡುವೆ ಎರಡು. ಸೂತ್ರ ಇಷ್ಟೇ:

ಒಳ ಅಗಲ = ಖಾನೆಗಳ ಮೊತ್ತ + (ಖಾನೆಗಳ ಸಂಖ್ಯೆ − 1) × ದಪ್ಪ
ಹೊರ ಅಗಲ = ಖಾನೆಗಳ ಮೊತ್ತ + (ಖಾನೆಗಳ ಸಂಖ್ಯೆ + 1) × ದಪ್ಪ

ನಮ್ಮ ಪೆಟ್ಟಿಗೆಗೆ ಒಳ ಅಗಲ 210 + 2 × 9 = 228. ಹೊರ ಅಗಲ 210 + 4 × 9 = 246. ನೋಡಿ, 210 ಅಂತ ಶುರು ಮಾಡಿದ್ದು 246ಕ್ಕೆ ಬಂತು. ಉಲ್ಟಾ ಯೋಚಿಸಿ: ಮೇಜಿನಲ್ಲಿ ಇರುವುದೇ 210 ಜಾಗ ಅಂತ ಹೊರಗಿನಿಂದ ಲೆಕ್ಕ ಶುರು ಮಾಡಿದ್ದರೆ, ಖಾನೆಗಳಿಗೆ ಉಳಿಯುತ್ತಿದ್ದದ್ದು 174 ಮಾತ್ರ. 36 ಮಿ.ಮೀ. ಎಲ್ಲಿ ಹೋಯಿತು ಅಂತ ಹುಡುಕುವುದು ಆಮೇಲೆ.

ಇಲ್ಲಿ ಇನ್ನೊಂದು ಮೋಸ ಇದೆ. 9 ಮಿ.ಮೀ. ಅಂತ ಬರೆದ ಪ್ಲೈವುಡ್ ನಿಜಕ್ಕೂ 9 ಇರಬೇಕೆಂದೇನಿಲ್ಲ, ಸ್ವಲ್ಪ ತೆಳುವಾಗಿರುವುದು ಮಾಮೂಲು. ಒಂದೇ ತುಂಡಿಗೆ ಸ್ಕೇಲು ಹಿಡಿದರೆ ಅಷ್ಟು ಸಣ್ಣ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಐದು ಚೂರುಗಳನ್ನು ಒಂದರ ಮೇಲೊಂದು ಒತ್ತಿ ಇಟ್ಟು ಒಟ್ಟು ಎತ್ತರ ಅಳೆದು ಐದರಿಂದ ಭಾಗಿಸಿ. ಒಟ್ಟು 44 ಬಂದರೆ ದಪ್ಪ 8.8. ಆಗ ಒಳ ಅಗಲ 228 ಅಲ್ಲ, 227.6. ಈ ಲೇಖನದಲ್ಲಿ ಸರಿಯಾಗಿ 9 ಇದೆ ಅಂತಲೇ ಮುಂದುವರಿಯುತ್ತೇನೆ.

ಹಂತ 4: ಹಿಂದೆ ಮುಂದೆ

ಮುಂದಿನ ಸಾಲಿನ ಆಳ 80, ಚೀಟಿ ಚೌಕವಾಗಿದೆಯಲ್ಲ. ಅದರ ಹಿಂದೆ ನೋಟ್‌ಬುಕ್ಕಿನ ಖಾನೆ. ಎರಡು ಪುಸ್ತಕ 30, ಸಡಿಲ 5, ಒಟ್ಟು 35. ಎರಡು ಖಾನೆಗೆ ಮೂರು ಗೋಡೆ: 80 + 35 + 3 × 9 = 142. ಪೆಟ್ಟಿಗೆಯ ಹೊರ ಅಳತೆ ಈಗ 246 × 142. ಹಿಂದಿನ ಖಾನೆ 228 ಉದ್ದ ಇದೆ, ಅಡ್ಡಡ್ಡ ನಿಲ್ಲಿಸಿದ 210ರ ನೋಟ್‌ಬುಕ್ಕಿಗೆ ಧಾರಾಳ.

ಪೆನ್ನಿನ ಖಾನೆಯಲ್ಲಿ ಒಂದು ತೊಂದರೆ ಇದೆ. ಅದು 65 × 80. ಮುಂದಿನ ಗೋಡೆ 60 ಎತ್ತರ ಅಂದುಕೊಳ್ಳಿ. ಪೆನ್ನಿನ ಬುಡ ಹಿಂದಿನ ಮೂಲೆಗೆ ಜಾರಿದರೆ ಅದು 80 ಅಡ್ಡ, 60 ಎತ್ತರದ ತ್ರಿಕೋನದ ಓರೆ ಗೆರೆಯಂತೆ ಮಲಗುತ್ತದೆ. 80ರ ವರ್ಗ 6400, 60ರ ವರ್ಗ 3600, ಕೂಡಿದರೆ 10000, ಅದರ ವರ್ಗಮೂಲ 100. 145ರ ಪೆನ್ನಿನಲ್ಲಿ 100 ಒಳಗಿದೆ, ಹಾಗಾಗಿ ಬೀಳುವುದಿಲ್ಲ. ಆದರೆ ನೆಲದಿಂದ ಬರೀ 37 ಡಿಗ್ರಿಯಲ್ಲಿ ಒರಗಿರುತ್ತದೆ. ನಾಲ್ಕು ಪೆನ್ನು ನಾಲ್ಕು ದಿಕ್ಕಿಗೆ ಮಲಗಿದರೆ ಐದನೆಯದನ್ನು ಹಾಕುವುದೇ ಕಷ್ಟ.

ಆದ್ದರಿಂದ ಆ ಖಾನೆಗೆ ಒಂದು ನಡುಗೋಡೆ ಕೊಡಿ. 80ರ ಅರ್ಧ 40 ಅಂತ ಬರೆಯಲು ಹೊರಟಿರಾ? ಗೋಡೆಯ ದಪ್ಪ ಕಳೆಯಿರಿ: (80 − 9) ÷ 2 = 35.5. ಈಗ ಅದೇ ಪೆನ್ನು ಸುಮಾರು 59 ಡಿಗ್ರಿಯಲ್ಲಿ ನಿಲ್ಲುತ್ತದೆ.

ಎಷ್ಟು ಪೆನ್ನು ಹಿಡಿಯುತ್ತದೆ? 65 × 35.5 ಅಂದರೆ ಸುಮಾರು 2307 ಚದರ ಮಿ.ಮೀ. 11 ಮಿ.ಮೀ. ಪೆನ್ನಿಗೆ 11 × 11 = 121 ಲೆಕ್ಕ ಹಿಡಿದರೆ 19 ಬರುತ್ತದೆ. ಆ 19ನ್ನೂ ತುರುಕಿದರೆ ಒಂದನ್ನೂ ಎಳೆಯಲಾಗುವುದಿಲ್ಲ. ಅರ್ಧ ಮಾಡಿ, ಒಂಬತ್ತು ಹತ್ತು ಅಂದುಕೊಳ್ಳಿ.

ಹಂತ 5: ಎತ್ತರ ಮತ್ತು ಇಳಿಜಾರು

ಪಕ್ಕದ ಗೋಡೆಗಳು ಹಿಂದೆ 110, ಮುಂದೆ 60 ಇದ್ದರೆ ನೋಡಲೂ ಚೆಂದ, ಕೈಗೂ ಹತ್ತಿರ. 142 ಮಿ.ಮೀ. ಆಳದಲ್ಲಿ 50 ಏರಬೇಕು. 50 ÷ 142 = 0.352. ಹಿಂದಕ್ಕೆ ಹೋಗುವ ಪ್ರತಿ 10 ಮಿ.ಮೀ.ಗೆ ಮೂರೂವರೆ ಮಿ.ಮೀ. ಏರಿಕೆ ಅಂದಹಾಗೆ. ಯಾವ ಜಾಗದ ಎತ್ತರ ಬೇಕಾದರೂ ಹೀಗೆ ಸಿಗುತ್ತದೆ:

ಎತ್ತರ = 60 + 0.352 × ಮುಂದಿನ ಅಂಚಿನಿಂದ ದೂರ

ನಡುವಿನ ಉದ್ದ ಗೋಡೆ ಮುಂದಿನ ಅಂಚಿನಿಂದ 89 ದೂರದಲ್ಲಿ ಶುರುವಾಗಿ 98ಕ್ಕೆ ಮುಗಿಯುತ್ತದೆ, ಮತ್ತದೇ 9ರ ದಪ್ಪ. 89ರಲ್ಲಿ ಎತ್ತರ 91.3, 98ರಲ್ಲಿ 94.5. ಯಾವುದಕ್ಕೆ ಕೊಯ್ಯಬೇಕು? 94.5ಕ್ಕೆ ಕೊಯ್ದರೆ ಗೋಡೆಯ ಮುಂದಿನ ಅಂಚು ಇಳಿಜಾರಿನಿಂದ 3 ಮಿ.ಮೀ. ಮೇಲೆ ಎದ್ದು ಕಾಣುತ್ತದೆ. ಯಾವಾಗಲೂ ತುಂಡಿನ ಮುಂದಿನ ಅಂಚಿನ ಎತ್ತರ ಹಿಡಿಯಿರಿ, ದಶಾಂಶ ಬಂದರೆ ಕೆಳಕ್ಕೆ ಇಳಿಸಿ. ಇದಕ್ಕೆ 91. ಹಿಂಗೋಡೆಯ ಮುಂದಿನ ಅಂಚು 133ರಲ್ಲಿದೆ, ಎತ್ತರ 106.8, ಕೊಯ್ಯುವುದು 106ಕ್ಕೆ. ಪೆನ್ನಿನ ನಡುಗೋಡೆ 44.5ರಲ್ಲಿ, ಎತ್ತರ 75. ಹಿಂದೆ ಮುಂದೆ ಓಡುವ ಎರಡು ಅಡ್ಡಗೋಡೆಗಳಿಗೂ ಇಳಿಜಾರು ಬೇಕು: ಮುಂದೆ 63, ಹಿಂದೆ 91.

ಪಕ್ಕದ ಗೋಡೆಯ ಓರೆ ಅಂಚಿನ ಉದ್ದ 150.5 ಬರಬೇಕು. 142ರ ವರ್ಗಕ್ಕೆ 50ರ ವರ್ಗ ಕೂಡಿ ವರ್ಗಮೂಲ ತೆಗೆದರೆ ಬರುವುದು ಅಷ್ಟೇ. ಗೆರೆ ಎಳೆದ ಮೇಲೆ ಒಮ್ಮೆ ಅಳೆದು ನೋಡಿ.

ಇನ್ನು ಚೀಟಿಯ ಖಾನೆ. 60ರಷ್ಟು ಆಳದಲ್ಲಿ 10 ಮಿ.ಮೀ. ಕಟ್ಟು ಇಟ್ಟರೆ ಬಾವಿಗೆ ಬಿದ್ದ ಹಾಗೆ. ಬೆರಳೇ ಮುಟ್ಟುವುದಿಲ್ಲ. ಅದಕ್ಕೆ ಒಂದು ಎತ್ತರದ ತಳ ಕೊಡಿ: 29 ಮಿ.ಮೀ. ಎತ್ತರದ ಎರಡು ಪಟ್ಟಿ, ಅದರ ಮೇಲೆ 6 ಮಿ.ಮೀ. ಪ್ಲೈವುಡ್ಡಿನ 79 × 79 ತುಂಡು. ತಳ 35ಕ್ಕೆ ಬಂತು, ಚೀಟಿಯ ತಲೆ 45ಕ್ಕೆ. ಈಗ ಮುಂದಿನ ಗೋಡೆಯ ಮೇಲಂಚಿನಲ್ಲಿ 15 ಮಿ.ಮೀ. ತ್ರಿಜ್ಯದ ಅರ್ಧವೃತ್ತ ಕತ್ತರಿಸಿ. 60 − 15 = 45. ಹೆಬ್ಬೆರಳು ನೇರ ಮೇಲಿನ ಚೀಟಿಗೆ ತಾಗುತ್ತದೆ.

ಹಂತ 6: ರಟ್ಟಿನಲ್ಲಿ ಒಮ್ಮೆ

ಹಳೇ ಪೆಟ್ಟಿಗೆಯ ರಟ್ಟಿನಲ್ಲಿ ಇದನ್ನೇ ಕತ್ತರಿಸಿ ಟೇಪು ಹಚ್ಚಿ. ರಟ್ಟು ತೆಳು, ಆದ್ದರಿಂದ ಗೋಡೆಗಳಿರುವ ಕಡೆ ಎರಡು ಮೂರು ಪದರ ಸೇರಿಸಿ 9 ಮಿ.ಮೀ. ಮಾಡಿಕೊಳ್ಳಿ. ಇಲ್ಲದಿದ್ದರೆ ಮಾದರಿ ಸುಳ್ಳು ಹೇಳುತ್ತದೆ. ಎರಡು ದಿನ ಮೇಜಿನ ಮೇಲಿಟ್ಟು ಬಳಸಿ ನೋಡಿ. ಬೇಸರದ ಕೆಲಸ ಅನ್ನಿಸಬಹುದು, ಆದರೆ ಇಲ್ಲಿ ತಪ್ಪಿದರೆ ಹೋಗುವುದು ರಟ್ಟು ಮಾತ್ರ.

ಹಂತ 7: ಕೊಯ್ಯುವ ಪಟ್ಟಿ

9 ಮಿ.ಮೀ. ಪ್ಲೈವುಡ್ಡಿನಲ್ಲಿ:

- ಮುಂಗೋಡೆ 228 × 60
- ಹಿಂಗೋಡೆ 228 × 106
- ನಡುವಿನ ಉದ್ದ ಗೋಡೆ 228 × 91
- ಪಕ್ಕದ ಗೋಡೆ ಎರಡು: 142 ಆಳ, 110ರಿಂದ 60ಕ್ಕೆ ಇಳಿಯುವುದು
- ಅಡ್ಡಗೋಡೆ ಎರಡು: 80 ಆಳ, 91ರಿಂದ 63ಕ್ಕೆ ಇಳಿಯುವುದು
- ಪೆನ್ನಿನ ನಡುಗೋಡೆ 65 × 75

ಪಕ್ಕದ ಗೋಡೆಗಳು ಮುಂಗೋಡೆ ಹಿಂಗೋಡೆಗಳ ತುದಿಯನ್ನು ಮುಚ್ಚುತ್ತವೆ. ಅದಕ್ಕೇ ಮುಂಗೋಡೆ 246 ಅಲ್ಲ, 228. ಯಾವ ತುಂಡು ಯಾವುದರ ಒಳಗೆ ಕೂರುತ್ತದೆ ಅನ್ನುವುದನ್ನು ಚಿತ್ರದ ಮೇಲೆ ಬರೆದಿಟ್ಟುಕೊಳ್ಳಿ.

ಓರೆ ತುಂಡುಗಳನ್ನು ಬೇರೆ ಬೇರೆ ಕೊಯ್ಯಬೇಕಿಲ್ಲ. 142 ಅಗಲ, 110 + 60 = 170 ಎತ್ತರದ ಒಂದು ಆಯತ ತೆಗೆದುಕೊಂಡು ಓರೆಯಾಗಿ ಒಮ್ಮೆ ಸೀಳಿದರೆ ಎರಡೂ ಗೋಡೆ ಬಂದವು, ಒಂದನ್ನು ತಿರುಗಿಸಿದರೆ ಸಾಕು. ಆದರೆ 170ಕ್ಕೆ 3 ಸೇರಿಸಿ. ಗರಗಸ ಕೊಯ್ಯುವಾಗ ಒಂದಿಷ್ಟು ಮರವನ್ನು ತಾನೇ ತಿಂದು ಪುಡಿ ಮಾಡುತ್ತದೆ. ಇದಕ್ಕೆ ಕೆರ್ಫ್ ಅನ್ನುತ್ತಾರೆ. ಕೈಗರಗಸದಲ್ಲಿ 1 ಮಿ.ಮೀ. ಸುಮಾರು, ಯಂತ್ರದ ಗರಗಸದಲ್ಲಿ 3ರವರೆಗೂ ಹೋಗುತ್ತದೆ.

ಎಲ್ಲ ತುಂಡುಗಳ ವಿಸ್ತೀರ್ಣ ಕೂಡಿದರೆ 99,931 ಚದರ ಮಿ.ಮೀ. ಎ3 ಅಳತೆಯ ಹಲಗೆ, ಅಂದರೆ 420 × 297, 1,24,740 ಇರುತ್ತದೆ. ಸಾಕು ಅಂತ ಕೊಯ್ಯಲು ಕೂರಬೇಡಿ. ವಿಸ್ತೀರ್ಣ ಸಾಕಾದರೆ ಆಕಾರ ಕೂರುತ್ತದೆ ಅಂತಿಲ್ಲ. ನಾನು ಹಲಗೆಯನ್ನು ನಿಲುವಾಗಿ ಇಟ್ಟು ಚಿತ್ರ ಬರೆದಾಗ ಅಡ್ಡಗೋಡೆಗಳ ಜೋಡಿ 3 ಮಿ.ಮೀ. ಹೊರಗೆ ಉಳಿಯಿತು. 420ರ ಬದಿಯನ್ನು ಅಡ್ಡ ಮಾಡಿ, ಎಡಕ್ಕೆ 228ರ ಮೂರು ಪಟ್ಟಿಗಳನ್ನು ಒಂದರ ಕೆಳಗೊಂದು, ಬಲಕ್ಕೆ ಓರೆ ಜೋಡಿಗಳೆರಡನ್ನು, ಕೊನೆಗೆ ಪೆನ್ನಿನ ನಡುಗೋಡೆಯನ್ನು ಇಟ್ಟಾಗ ಕೆರ್ಫ್ ಸಮೇತ ಎಲ್ಲ ಕೂತಿತು. ಕಾಗದದಲ್ಲಿ ತುಂಡುಗಳನ್ನು ಕತ್ತರಿಸಿ ಹಲಗೆಯ ಮೇಲೆ ಆಡಿಸಿ ನೋಡುವುದು ಸುಲಭ.

ತಳಕ್ಕೆ 6 ಮಿ.ಮೀ. ಪ್ಲೈವುಡ್ಡಿನಲ್ಲಿ 246 × 142 ಬೇರೆ ತೆಗೆದುಕೊಳ್ಳಿ. ಅದನ್ನು ಗೋಡೆಗಳ ಕೆಳಗಿನಿಂದ ಅಂಟಿಸುತ್ತೇವೆ, ಹಾಗಾಗಿ ಒಳಗಿನ ಎತ್ತರಕ್ಕೆ ಅದರ ದಪ್ಪ ತಾಗುವುದಿಲ್ಲ.

ಹಂತ 8: ಗುರುತು ಹಾಕಿ, ಕೊಯ್ಯಿರಿ

ಅಡ್ಡಗೋಡೆ ಎಲ್ಲಿ ಬರಬೇಕೋ ಅಲ್ಲಿ ಒಂದೇ ಗೆರೆ ಎಳೆಯಬೇಡಿ, ಅದರ ಎರಡೂ ಅಂಚು ಎಳೆಯಿರಿ. ಎಡತುದಿಯಲ್ಲಿ ಸೊನ್ನೆ ಇಟ್ಟು, ಸ್ಕೇಲನ್ನು ಕದಲಿಸದೆ 65, 74, 154, 163 ಅಂತ ಗುರುತು ಹಾಕಿ. ಕೊನೆಗೆ 228 ಸರಿಯಾಗಿ ಬಲತುದಿಗೆ ಬರಬೇಕು. 65 ಅಳೆದು, ಸ್ಕೇಲು ಎತ್ತಿ, ಅಲ್ಲಿಂದ 9, ಮತ್ತೆ ಎತ್ತಿ 80 ಅಂತ ಹೋದರೆ ಪ್ರತಿ ಸಲ ಅರ್ಧ ಮಿ.ಮೀ. ತಪ್ಪಿದರೂ ಐದನೇ ಸಲಕ್ಕೆ ಎರಡೂವರೆ ಮಿ.ಮೀ. ಆಗುತ್ತದೆ. ಕೊನೆಯ ಖಾನೆ ಮಾತ್ರ ಸಣ್ಣದಾಗುವುದು ಹೀಗೆ. 65–74 ಮತ್ತು 154–163ರ ನಡುವೆ ಒಂದೊಂದು ಕಾಟು ಗುರುತು ಹಾಕಿಡಿ. ಗೋಡೆ ಬರುವುದು ಕಾಟಿನ ಮೇಲೆ.

ಹಲಗೆಯನ್ನು ಸಮಭಾಗ ಮಾಡಬೇಕು, ಸಂಖ್ಯೆ ಮಾತ್ರ ಮುರುಕಲು ಅನ್ನಿ. 71ನ್ನು ಮೂರು ಮಾಡಬೇಕು. ಸ್ಕೇಲಿನ ಸೊನ್ನೆಯನ್ನು ಒಂದು ಅಂಚಿಗೆ ಇಟ್ಟು, 90 ಇನ್ನೊಂದು ಅಂಚಿಗೆ ತಾಗುವ ತನಕ ಓರೆ ಮಾಡಿ. 30 ಮತ್ತು 60ರಲ್ಲಿ ಚುಕ್ಕಿ ಇಡಿ. ಆ ಚುಕ್ಕಿಗಳ ಮೂಲಕ ಅಂಚಿಗೆ ಸಮಾನಾಂತರ ಗೆರೆ ಎಳೆದರೆ ಮೂರೂ ಭಾಗ ಸಮ. ಭಾಗಾಕಾರವೇ ಬೇಡ.

ಗರಗಸವನ್ನು ಗೆರೆಯ ಮೇಲೆ ಇಡಬೇಡಿ, ಗೆರೆಯ ಆಚೆ, ಬಿಸಾಡುವ ಬದಿಯಲ್ಲಿ ಇಡಿ. ಉಪ್ಪುಕಾಗದದಲ್ಲಿ ಗೆರೆಯ ತನಕ ಉಜ್ಜಿ ತರಬಹುದು. ಜಾಸ್ತಿ ಕೊಯ್ದದ್ದನ್ನು ಮಾತ್ರ ಸೇರಿಸಲಾಗುವುದಿಲ್ಲ. 228ರ ಮೂರೂ ತುಂಡು ಒಟ್ಟಿಗೆ ಹಿಡಿದು ಮೇಜಿನ ಮೇಲೆ ನಿಲ್ಲಿಸಿ, ತಲೆಯ ಮೇಲೆ ಬೆರಳು ಆಡಿಸಿ. ಬೆರಳಿಗೆ ಮೆಟ್ಟಿಲು ಸಿಕ್ಕರೆ ಅಷ್ಟನ್ನು ಉಜ್ಜಿ. ಕಣ್ಣಿಗಿಂತ ಬೆರಳು ಚೆನ್ನಾಗಿ ಹೇಳುತ್ತದೆ.

ಹಂತ 9: ಜೋಡಿಸುವುದು

ಮೊದಲು ಅಂಟಿಲ್ಲದೆ ಎಲ್ಲ ನಿಲ್ಲಿಸಿ ನೋಡಿ, ಸಾಮಾನೂ ಇಟ್ಟು ನೋಡಿ. ಸರಿ ಅನ್ನಿಸಿದರೆ ಒಳಮೈಗಳನ್ನೆಲ್ಲ ಈಗಲೇ 120, 180, 220ರಲ್ಲಿ ಉಜ್ಜಿ. ಆಮೇಲೆ ಆ ಸಂದುಗಳಿಗೆ ಕೈ ಹೋಗುವುದಿಲ್ಲ.

ಮುಂಗೋಡೆ ಮತ್ತು ನಡುವಿನ ಉದ್ದ ಗೋಡೆಯ ನಡುವೆ ಎರಡು ಅಡ್ಡಗೋಡೆ ಅಂಟಿಸಿ, ಏಣಿಯ ಹಾಗೆ ಕಾಣುತ್ತದೆ. ಆಮೇಲೆ ಪೆನ್ನಿನ ನಡುಗೋಡೆ. ಅಂಟು ಹಿಡಿದ ಮೇಲೆ ಹಿಂಗೋಡೆ ನಿಲ್ಲಿಸಿ ಎರಡೂ ಪಕ್ಕದ ಗೋಡೆಗಳಿಂದ ಮುಚ್ಚಿ ಕ್ಲಾಂಪ್ ಬಿಗಿಯಿರಿ.

ಬಿಗಿದ ತಕ್ಷಣ ಮೂಲೆಯಿಂದ ಮೂಲೆಗೆ ಅಳೆಯಿರಿ, ಎರಡೂ ಕಡೆಯಿಂದ. ಪೆಟ್ಟಿಗೆ ಚೊಕ್ಕ ಆಯತವಾಗಿದ್ದರೆ ಎರಡೂ ಒಂದೇ ಇರುತ್ತವೆ. ನಮ್ಮದಕ್ಕೆ 246ರ ವರ್ಗ 60516, 142ರ ವರ್ಗ 20164, ಮೊತ್ತ 80680, ವರ್ಗಮೂಲ 284. ಒಂದು 285, ಇನ್ನೊಂದು 283 ಬಂದರೆ ಪೆಟ್ಟಿಗೆ ವಾಲಿದೆ. ಉದ್ದ ಇರುವ ಎರಡು ಮೂಲೆಗಳನ್ನು ಹಿಡಿದು ಮೆಲ್ಲಗೆ ಒತ್ತಿ, ಎರಡೂ ಒಂದೇ ಆಗುವ ತನಕ. ಅಂಟು ಹಸಿ ಇರುವಾಗಲೇ ಇದು ಆಗಬೇಕು. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಬಿಟ್ಟರೆ ಅಲ್ಲಿ ಬಣ್ಣ ಹಿಡಿಯದೆ ಬಿಳಿ ಕಲೆ ಉಳಿಯುತ್ತದೆ.

ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕ್ಲಾಂಪ್ ಬಿಚ್ಚಬೇಡಿ, ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಿ. ಆಮೇಲೆ ತಳ ಅಂಟಿಸಿ.

ಹಂತ 10: ಹೆಸರು ಮತ್ತು ಹೊಳಪು

ಮುಂಗೋಡೆಯಲ್ಲಿ ಹೆಸರು ಕೆತ್ತುವುದಿದ್ದರೆ ಅದು ಜೋಡಿಸುವ ಮೊದಲೇ ಆಗಬೇಕು. ಜಾಗವನ್ನು ಅಕ್ಷರಗಳ ಸಂಖ್ಯೆಯಿಂದ ಭಾಗಿಸಬೇಡಿ, ಕನ್ನಡದ ಅಕ್ಷರಗಳು ಒಂದೇ ಅಗಲ ಇರುವುದಿಲ್ಲ. ಹೆಸರನ್ನು ಪೂರ್ತಿ ಕಾಗದದ ಮೇಲೆ ಬರೆದು ಅದರ ಒಟ್ಟು ಅಗಲ ಅಳೆಯಿರಿ. 90 ಬಂದರೆ (228 − 90) ÷ 2 = 69, ಎಡದಿಂದ ಅಷ್ಟು ಬಿಟ್ಟು ಶುರು ಮಾಡಿ. ಎತ್ತರದಲ್ಲಿ ಇನ್ನೂ ಎಚ್ಚರ ಬೇಕು. "ಕಮಲ" ಒಂದೇ ಸಾಲಿನಲ್ಲಿ ಕೂರುತ್ತದೆ. "ಲಕ್ಷ್ಮಿ"ಯಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ಅರ್ಧವೃತ್ತದ ಕೆಳಗೆ ಉಳಿದಿರುವುದು 45 ಮಿ.ಮೀ. ಮೇಲೆ ಕೆಳಗೆ 8 ಬಿಟ್ಟರೆ 29. ಒತ್ತು, ಗುಡಿಸು ಎಲ್ಲ ಸೇರಿ ಆ 29ರೊಳಗೆ ಬರಬೇಕು.

ಪಾಲಿಶ್ ಅಥವಾ ವಾರ್ನಿಶ್‌ನ ಮೊದಲ ಕೋಟ್ ಹಚ್ಚಿದಾಗ ಮರದ ಎಳೆಗಳು ನಿಮಿರಿ ಮೈ ಒರಟಾಗುತ್ತದೆ. ಗಾಬರಿ ಬೇಡ. ಒಣಗಿದ ಮೇಲೆ 220ರಲ್ಲಿ ಹಗುರವಾಗಿ ಉಜ್ಜಿ ಎರಡನೇ ಕೋಟ್ ಹಚ್ಚಿ. ಇದನ್ನು ಜೋಡಿಸುವ ಮೊದಲೇ ಮಾಡುವವರು ಅಂಟು ಬೀಳುವ ಜಾಗಕ್ಕೆ ಟೇಪು ಹಚ್ಚಿಕೊಳ್ಳಿ, ಪಾಲಿಶ್ ಮೇಲೆ ಅಂಟು ಕಚ್ಚುವುದಿಲ್ಲ.

ಖಾನೆಯೊಳಗೆ ಮೆತ್ತನೆಯ ಬಟ್ಟೆ ಹಚ್ಚಬೇಕು ಅಂತ ಕೆಲವರಿಗೆ ಕೊನೆಯಲ್ಲಿ ಆಸೆ ಹುಟ್ಟುತ್ತದೆ. 2 ಮಿ.ಮೀ. ಬಟ್ಟೆ ಎರಡು ಬದಿಗೆ ಅಂದರೆ 4 ಮಿ.ಮೀ. ಚೀಟಿಯ ಖಾನೆಯಲ್ಲಿ ಬಿಟ್ಟಿದ್ದ ಸಡಿಲವೂ ಅಷ್ಟೇ. ಬಟ್ಟೆ ಬೇಕಿದ್ದರೆ ಅದನ್ನು ಎರಡನೇ ಹಂತದಲ್ಲೇ ಸೇರಿಸಿ, ಇಲ್ಲವೇ ಪೆಟ್ಟಿಗೆಯ ತಳಕ್ಕೆ, ಹೊರಗಿನಿಂದ, ನಾಲ್ಕು ಮೂಲೆಗೆ ನಾಲ್ಕು ಚೂರು ಹಚ್ಚಿ ಬಿಟ್ಟುಬಿಡಿ.